ಕಷಾಯ, ಕಾಳುಮೆಣಸು ಮತ್ತು ಮಾವನವರ ಮಾತ್ರೆ

ಪ್ರಶ್ನೆ: ನಾವು ಕಾರವಾರದಲ್ಲಿದ್ದೇವೆ. ನನ್ನ ತವರು ಸಿದ್ದಾಪುರದ ಕಡೆ. ಕೊರೊನಾ ಸಮಯದಿಂದ ಮನೆಯಲ್ಲಿ ಎಲ್ಲರೂ ದಿನಕ್ಕೆ ಎರಡು ಸಲ ಕಷಾಯ ಕುಡಿಯುವುದು ರೂಢಿಯಾಗಿದೆ. ಮಾವನವರಿಗೆ ಶುಗರ್ ಇದೆ. ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳುವಾಗುವ ಮಾತ್ರೆಯೂ ನಡೆಯುತ್ತಿದೆ. ಈಗ ಮೊಬೈಲಿನಲ್ಲಿ ನೋಡಿ ಬೆಳಿಗ್ಗೆ ಒಂದು ಚಮಚ ದಾಲ್ಚಿನ್ನಿ ಪುಡಿ, ಮೆಂತೆ ನೆನೆಸಿದ ನೀರು ಶುರು ಮಾಡಿದ್ದಾರೆ. ನನ್ನ ಮಗುವಿಗೆ ಏಳು ತಿಂಗಳು. ಕೆಮ್ಮು ಬಂದರೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ನಾನು ಮಾಡುವ ಕಷಾಯದ ಪುಡಿ ಕಹಿಯಾಗುತ್ತದೆ, ಮಳೆಗಾಲದಲ್ಲಿ ಗಂಟು ಕಟ್ಟುತ್ತದೆ. ಸಾಂಬಾರ ಪದಾರ್ಥಗಳಲ್ಲಿ ನಿಜವಾಗಿ ಔಷಧಿ ಗುಣ ಇದೆಯಾ? ಅಡುಗೆಯಲ್ಲಿ ಹೇಗೆ ಬಳಸಬೇಕು?

ಉತ್ತರ: ಮೊದಲು ಮಗುವಿನ ವಿಷಯ. ಉಳಿದದ್ದು ಒಂದು ವಾರ ತಡವಾದರೂ ನಡೆಯುತ್ತದೆ, ಇದು ನಡೆಯಲ್ಲ.

ವರ್ಷ ತುಂಬುವವರೆಗೆ ಮಗುವಿಗೆ ಜೇನು ಬೇಡ. ಒಂದು ಹನಿಯೂ ಬೇಡ. ಜೇನಿನಲ್ಲಿ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಸಾಮಾನ್ಯವಾಗಿ ಬೆಳೆಯಲ್ಲ. ಎಳೆ ಮಗುವಿನ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತವೆ. ಮಗು ಸೋತು ಸುಸ್ತಾಗುತ್ತದೆ, ಹಾಲು ಚೀಪಲ್ಲ, ಕೊನೆಗೆ ಉಸಿರಾಟಕ್ಕೇ ತೊಂದರೆ ಬರಬಹುದು. ಕಾಡಿನ ಜೇನು, ತೋಟದ ಪೆಟ್ಟಿಗೆ ಜೇನು, ಅಂಗಡಿ ಜೇನು ಎಲ್ಲಕ್ಕೂ ಈ ಮಾತು ಒಂದೇ. ಒಲೆಯ ಮೇಲೆ ಕುದಿಸಿದರೂ ಆ ಬೀಜಕಣ ಸಾಯಲ್ಲ.

ಬಜೆಯೂ ಬೇಡ. ಅದರಲ್ಲಿ ಬೀಟಾ ಅಸರೋನ್ ಎಂಬ ಅಂಶ ಇದೆ. ಅದು ಮೈಗೆ ಒಳ್ಳೆಯದಲ್ಲ ಎಂದೇ ಅಮೆರಿಕದಲ್ಲಿ 1968ರಲ್ಲಿ ಆಹಾರಕ್ಕೆ ಬಜೆ ಸೇರಿಸುವುದನ್ನು ನಿಷೇಧಿಸಿದರು. 'ನಮ್ಮ ಮಕ್ಕಳಿಗೆಲ್ಲ ಕೊಟ್ಟಿದ್ದೇವೆ, ಏನಾಗಿದೆ?' ಎಂದು ಹಿರಿಯರು ಕೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಬೇರು ಎಷ್ಟು ಬಲಿತದ್ದು, ಕಲ್ಲಿನ ಮೇಲೆ ಎಷ್ಟು ಸುತ್ತು ತೇಯ್ದರು, ಮಗುವಿನ ನಾಲಿಗೆಗೆ ಎಷ್ಟು ಹೋಯಿತು, ಇದಕ್ಕೆ ಅಳತೆ ಇಲ್ಲ. ಏಳೆಂಟು ಕೆಜಿ ತೂಕದ ಜೀವಕ್ಕೆ ಅಳತೆ ಇಲ್ಲದ ಮದ್ದು ಕೊಡಬಾರದು. ಜಾಯಿಕಾಯಿ ತೇಯ್ದು ಕೊಟ್ಟರೆ ಮಗು ಚೆನ್ನಾಗಿ ಮಲಗುತ್ತದೆ ಅಂತಾರೆ. ಅದು ನಿದ್ದೆಯಲ್ಲ, ಮಂಪರು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಎದೆಗೆ ಹಚ್ಚುವುದನ್ನೂ ಬಿಡಿ. ಕರ್ಪೂರ ಸಣ್ಣ ಮಕ್ಕಳ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಫಿಟ್ಸ್ ಬರಿಸಬಹುದು. ಬಿಸಿನೀರಿನ ಪಾತ್ರೆ ಇಟ್ಟು ಹಬೆ ಹಿಡಿಸುವುದೂ ಬೇಡ. ಮಗು ಕೈ ಆಡಿಸಿ ಪಾತ್ರೆ ಮಗುಚಿದರೆ ಸುಟ್ಟ ಗಾಯ ಖಂಡಿತ.

ಹಾಗಾದರೆ ಮಾಡುವುದೇನು? ಎದೆಹಾಲು ಜಾಸ್ತಿ ಸಲ ಕುಡಿಸಿ. ಮೂಗು ಕಟ್ಟಿದ್ದರೆ ಮೆಡಿಕಲ್‌ನಲ್ಲಿ ಸಿಗುವ ಸಲೈನ್ ಹನಿ ಸಾಕು. ಮಗು ಶಾಂತವಾಗಿದ್ದಾಗ ಅಂಗಿ ಎತ್ತಿ ಹೊಟ್ಟೆ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಏಳು ತಿಂಗಳ ಮಗುವಿಗೆ ನಿಮಿಷಕ್ಕೆ 50 ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ಪಕ್ಕೆಲುಬಿನ ಕೆಳಗೆ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ, ಹಾಲು ಬೇಡ ಎಂದರೆ ಆಗಲೇ ಡಾಕ್ಟರ ಹತ್ತಿರ ಹೊರಡಿ. ಇನ್ನು ಅಡುಗೆಯ ಮಟ್ಟಿಗೆ, ಈ ವಯಸ್ಸಿನಲ್ಲಿ ಅನ್ನ ಬೇಳೆ ಗಂಜಿಗೆ ಚಿಟಿಕೆ ಅರಿಶಿನ, ಚಿಟಿಕೆ ಜೀರಿಗೆ ಪುಡಿ, ಅರ್ಧ ಚಮಚ ತುಪ್ಪ ಹಾಕಬಹುದು. ಅದು ಊಟ, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಈಗ ಮಾವನವರು. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆಯಾದದ್ದು ಇಲ್ಲೇ. ಸಾಂಬಾರ ಪದಾರ್ಥ ಅಡುಗೆಯಲ್ಲಿ ಬೀಳುವಷ್ಟು ಬಿದ್ದರೆ ಆಹಾರ. ಅದನ್ನೇ ಚಮಚದಲ್ಲಿ ಅಳೆದು ದಿನಾ ಖಾಲಿ ಹೊಟ್ಟೆಗೆ ತೆಗೆದುಕೊಂಡರೆ ಅದು ಔಷಧಿ. ಔಷಧಿ ಅಂದ ಮೇಲೆ ಪ್ರಮಾಣ, ಬೇರೆ ಮಾತ್ರೆಗಳ ಜೊತೆ ಹೊಂದಾಣಿಕೆ, ಅಡ್ಡ ಪರಿಣಾಮ ಎಲ್ಲವನ್ನೂ ಕೇಳಬೇಕು, ಅಲ್ವಾ? ಅಡುಗೆಮನೆಯಿಂದ ಬಂತು ಎಂಬ ಕಾರಣಕ್ಕೆ ಅದಕ್ಕೆ ರಿಯಾಯಿತಿ ಇಲ್ಲ.

ದಾಲ್ಚಿನ್ನಿ ತೆಗೆದುಕೊಳ್ಳಿ. ನಮ್ಮ ಪೇಟೆಯಲ್ಲಿ ಸಿಗುವುದು ಬಹುತೇಕ ಕ್ಯಾಸಿಯಾ ಜಾತಿಯದು. ದಪ್ಪ, ಗಟ್ಟಿ, ಒಂದೇ ಸುತ್ತು ಸುತ್ತಿಕೊಂಡ ತೊಗಟೆ. ಸಿಲೋನ್ ದಾಲ್ಚಿನ್ನಿ ತೆಳು, ಪದರ ಪದರವಾಗಿ ಒಂದರೊಳಗೊಂದು ಸುತ್ತಿರುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಅಂಶ ಜಾಸ್ತಿ. ಕೆಲವರ ಲಿವರಿಗೆ ಅದು ಪೆಟ್ಟು ಕೊಡುತ್ತದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹಾಕಿರುವ ಮಿತಿ ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 0.1 ಮಿಲಿಗ್ರಾಂ. 60 ಕೆಜಿ ತೂಕದವರಿಗೆ 6 ಮಿಲಿಗ್ರಾಂ ಆಯಿತು. ಒಂದು ಚಮಚ ಕ್ಯಾಸಿಯಾ ಪುಡಿಯಲ್ಲೇ ಈ ಗೆರೆ ದಾಟಿಬಿಡಬಹುದು. ಪಲಾವಿಗೆ ಹಾಕುವ ಒಂದು ತುಂಡಿಗೆ ಹೆದರಬೇಡಿ. ದಿನಾ ಚಮಚ ಚಮಚ ನುಂಗುವುದನ್ನು ನಿಲ್ಲಿಸಲು ಹೇಳಿ.

ಮೆಂತೆಯ ವಿಷಯ ಬೇರೆ. ಅದಕ್ಕೆ ಕೆಲಸ ಮಾಡುವ ಶಕ್ತಿ ನಿಜವಾಗಿ ಇದೆ. ನೆನೆದ ಮೆಂತೆ ಲೋಳೆ ಬಿಡುತ್ತದಲ್ಲ, ಆ ಲೋಳೆ ನಾರಿನಂಶ. ಅದು ಕರುಳಿನಲ್ಲಿ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಹಾಗಾಗಿ ಬರೀ ನೀರು ಸೋಸಿ ಕುಡಿದು ಕಾಳು ಎಸೆಯುವುದರಲ್ಲಿ ಅರ್ಥ ಕಡಿಮೆ. ಕಾಳನ್ನೇ ದೋಸೆ ಹಿಟ್ಟಿಗೋ ಪಲ್ಯಕ್ಕೋ ಹಾಕಿ ತಿನ್ನುವುದು ಒಳ್ಳೆಯದು. ಆದರೆ ಶುಗರ್ ಮಾತ್ರೆಯ ಜೊತೆ ದಿನಾ ಮೆಂತೆ ಸೇರಿದರೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ಕೈ ನಡುಕ, ತಲೆ ಸುತ್ತು ಕಂಡರೆ ತಕ್ಷಣ ಸಕ್ಕರೆ ನೀರು ಕೊಡಿ, ಆಮೇಲೆ ಡಾಕ್ಟರಿಗೆ ಹೇಳಿ. ಮಾತ್ರೆ ನುಂಗುವ ಹೊತ್ತಿಗೇ ಮೆಂತೆ ಬೇಡ. ಲೋಳೆ ಮಾತ್ರೆಯನ್ನೂ ತಡೆಹಿಡಿಯುತ್ತದೆ.

ಇನ್ನೊಂದು ಸಂಗತಿ ನೀವು ಬರೆದಿಲ್ಲ, ನಾನೇ ಕೇಳುತ್ತೇನೆ. ಮಾವನವರ ಕಷಾಯಕ್ಕೆ ಬೆಲ್ಲ ಎಷ್ಟು ಬೀಳುತ್ತದೆ? ನನ್ನ ಹತ್ತಿರ ಸಲಹೆಗೆ ಬರುವ ಶುಗರ್ ಇರುವ ಹಿರಿಯರಲ್ಲಿ ಎಷ್ಟೋ ಮಂದಿ ಚಹಾಕ್ಕೆ ಸಕ್ಕರೆ ಬಿಟ್ಟಿರುತ್ತಾರೆ, ಕಷಾಯಕ್ಕೆ ಬೆಲ್ಲ ಬಿಟ್ಟಿರುವುದಿಲ್ಲ. ಬೆಲ್ಲ ಎಂದರೂ ಹೆಚ್ಚುಕಡಿಮೆ ಪೂರ್ತಿ ಸಕ್ಕರೆಯೇ. ದಿನಕ್ಕೆ ಎರಡು ಲೋಟ ಬೆಲ್ಲದ ಕಷಾಯ ಕುಡಿದು ಮೆಂತೆ ನೆನೆಹಾಕಿದರೆ ಏನೂ ಉಪಯೋಗ ಇಲ್ಲ. ಅವರಿಗೆ ಬೆಲ್ಲ ಇಲ್ಲದೆ, ಹಾಲು ಸ್ವಲ್ಪ ಜಾಸ್ತಿ ಹಾಕಿ ಕೊಡಿ. ನಾಲ್ಕು ದಿನ ಮುಖ ಸಿಂಡರಿಸುತ್ತಾರೆ, ಆಮೇಲೆ ನಾಲಿಗೆ ಒಗ್ಗುತ್ತದೆ.

ರಕ್ತ ತೆಳುವಾಗುವ ಮಾತ್ರೆಗೂ ಇದೇ ಲೆಕ್ಕ. ಸಾರಿನ ಅರಿಶಿನ, ಚಟ್ನಿಯ ಬೆಳ್ಳುಳ್ಳಿ, ಚಹಾದ ಶುಂಠಿ ಏನೂ ಮಾಡಲ್ಲ. ಅರಿಶಿನದ ಕ್ಯಾಪ್ಸೂಲ್, ದಿನಾ ಬೆಳ್ಳುಳ್ಳಿಯ ಹಿಡಿ, ಶುಂಠಿ ರಸದ ಲೋಟ ಬೇಡ. ಇವು ಕೂಡ ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ತಡೆಯಬಲ್ಲವು, ಮಾತ್ರೆಯ ಜೊತೆ ಸೇರಿದರೆ ಹಲ್ಲುಜ್ಜುವಾಗ ರಕ್ತ, ಮೈಮೇಲೆ ನೀಲಿ ಕಲೆ ಶುರುವಾಗಬಹುದು. ಅಂಗಡಿಯ ಸಿದ್ಧ ಕಷಾಯ ಪುಡಿ ತರುತ್ತಿದ್ದರೆ ಹಿಂದೆ ಬರೆದಿರುವುದನ್ನು ಓದಿ. ಜ್ಯೇಷ್ಠಮಧು ಇದ್ದರೆ ದಿನಬಳಕೆಗೆ ಬೇಡ. ಬಹಳ ದಿನ ಕುಡಿದರೆ ಬಿಪಿ ಏರುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ. ಹೃದಯದ ತೊಂದರೆ ಇರುವವರಿಗೆ ಎರಡೂ ಕೆಟ್ಟದ್ದು.

ಈಗ ಕಷಾಯ. ನಮ್ಮ ಶಿರಸಿ ಸಿದ್ದಾಪುರದ ಮನೆಗಳಲ್ಲಿ ಬಂದವರಿಗೆ 'ಆಸ್ರಿಗೆ ಎಂತ ಬೇಕು' ಎಂದು ಕೇಳಿ ಕೊಡುವ ಕಷಾಯ ನಿಮಗೆ ಗೊತ್ತೇ ಇದೆ. ಅದರಲ್ಲಿ ಕೊತ್ತಂಬರಿ, ಜೀರಿಗೆಯೇ ಮುಖ್ಯ. ಚಹಾ ಕಾಫಿಯ ಬದಲಿಗೆ ಕುಡಿಯುವ ತಂಪು ಸ್ವಭಾವದ ಪೇಯ ಅದು, ಮದ್ದಲ್ಲ. ಕೊರೊನಾ ಸಮಯದಲ್ಲಿ ಮನೆಮನೆಗೆ ಬಂದದ್ದು ಬೇರೆಯೇ. ಹಿಡಿ ಕಾಳುಮೆಣಸು, ಲವಂಗ, ದಾಲ್ಚಿನ್ನಿ, ಶುಂಠಿ ಹಾಕಿ ಅರ್ಧಕ್ಕೆ ಇಳಿಸಿದ್ದು. ಶೀತವಾದಾಗ ಎರಡು ಮೂರು ದಿನ ಕುಡಿದರೆ ಗಂಟಲಿಗೆ ಹಿತ. ವರ್ಷಗಟ್ಟಲೆ ದಿನಕ್ಕೆರಡು ಸಲ ಕುಡಿದರೆ ಎದೆ ಉರಿ, ಹುಳಿ ತೇಗು, ಬಾಯಿ ಹುಣ್ಣು. ನಿಮ್ಮ ಮನೆಯಲ್ಲಿ ಯಾರಿಗಾದರೂ ಇವು ಇದ್ದರೆ ಗ್ಯಾಸಿನ ಮಾತ್ರೆ ಹುಡುಕುವ ಮೊದಲು ಆ ಕಷಾಯ ನಿಲ್ಲಿಸಿ ನೋಡಿ.

ದಿನಬಳಕೆಯ ಪುಡಿ ಹೀಗೆ ಮಾಡಿ. ಒಂದು ಲೋಟ ಕೊತ್ತಂಬರಿ, ಅರ್ಧ ಲೋಟ ಜೀರಿಗೆ, ಒಂದು ಚಮಚ ಮೆಂತೆ, ಎರಡು ಚಮಚ ಕಾಳುಮೆಣಸು, ಬೆರಳುದ್ದ ಒಣಶುಂಠಿ, ನಾಲ್ಕೈದು ಏಲಕ್ಕಿ. ನಿಮ್ಮ ಪುಡಿ ಕಹಿಯಾಗುವುದು ಮೆಂತೆಯಿಂದ. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಹಾಕಿ ಹುರಿಯುತ್ತೀರಿ ಅಂತ ನನ್ನ ಅಂದಾಜು. ಕೊತ್ತಂಬರಿ ಹದಕ್ಕೆ ಬರುವಷ್ಟರಲ್ಲಿ ಮೆಂತೆ ಸೀದಿರುತ್ತದೆ. ಬೇರೆ ಬೇರೆ ಹುರಿಯಿರಿ. ಸಣ್ಣ ಉರಿ, ದಪ್ಪ ತಳದ ಬಾಣಲೆ. ಕೊತ್ತಂಬರಿ ಹುರಿದದ್ದು ಕೈಗೆ ಹಗುರ ಅನಿಸಬೇಕು, ಬೆರಳಲ್ಲಿ ಒತ್ತಿದರೆ ಪಟ್ ಅಂತ ಒಡೆಯಬೇಕು. ಜೀರಿಗೆಗೆ ಪರಿಮಳ ಬಂದ ಕೂಡಲೇ ಇಳಿಸಿ, ಬಣ್ಣಕ್ಕೆ ಕಾಯಬೇಡಿ. ಮೆಂತೆ ನಸುಗೆಂಪಾದರೆ ಸಾಕು, ಒಂದು ಕ್ಷಣ ಆಚೆ ಹೋದರೆ ಕಹಿಯೇ. ಕಾಳುಮೆಣಸು ಬೆಚ್ಚಗಾದರೆ ಮುಗಿಯಿತು. ಏಲಕ್ಕಿ, ಒಣಶುಂಠಿ ಹುರಿಯುವುದೇ ಬೇಡ. ಪೂರ್ತಿ ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡಿ. ಬಿಸಿ ಇರುವಾಗಲೇ ಮಿಕ್ಸಿಗೆ ಹಾಕಿದರೆ ಬೆವರಿ ಗಂಟು ಕಟ್ಟುತ್ತದೆ. ನಿಮ್ಮ ಗಂಟಿಗೆ ಅದೂ ಒಂದು ಕಾರಣ ಇರಬಹುದು.

ಒಂದೂವರೆ ಲೋಟ ನೀರಿಗೆ ಒಂದು ಚಮಚ ಪುಡಿ. ಮುಚ್ಚಿ ಮೂರು ನಾಲ್ಕು ನಿಮಿಷ ಕುದಿಸಿ, ಹಾಲು ಕೊನೆಗೆ. ಮುಚ್ಚುವುದು ಯಾಕೆಂದರೆ ಪರಿಮಳ ಕೊಡುವ ಎಣ್ಣೆಯ ಅಂಶ ಹಬೆಯ ಜೊತೆ ಹಾರಿಹೋಗುತ್ತದೆ. ಅಡುಗೆಮನೆ ತುಂಬಾ ಘಮಘಮ ಅಂದರೆ ಲೋಟದಲ್ಲಿ ಅಷ್ಟು ಕಡಿಮೆ ಉಳಿದಿದೆ ಅಂತ ಅರ್ಥ.

ಔಷಧಿ ಗುಣ ಇದೆಯಾ ಅಂತ ಕೇಳಿದಿರಿ. ಕೆಲವಕ್ಕೆ ಚೆನ್ನಾಗಿಯೇ ಇದೆ, ಸಣ್ಣ ಕೆಲಸಗಳಿಗೆ. ಶುಂಠಿ ವಾಕರಿಕೆಗೆ ನಿಜವಾಗಿ ಕೆಲಸ ಮಾಡುತ್ತದೆ. ಘಟ್ಟದ ತಿರುವಿನಲ್ಲಿ ಬಸ್ಸಿನಲ್ಲಿ ವಾಂತಿ ಬರುವವರು ಸಣ್ಣ ಚೂರು ಬಾಯಲ್ಲಿಟ್ಟುಕೊಳ್ಳಬಹುದು. ಬಸುರಿಯರ ಬೆಳಗಿನ ವಾಕರಿಕೆಗೂ ಅಡುಗೆಯಲ್ಲಿ ಬಳಸುವಷ್ಟು ಕೊಡಬಹುದು. ಒಣಗಿದಾಗ ಶುಂಠಿಯ ಜಿಂಜರಾಲ್ ಸ್ವಲ್ಪ ಭಾಗ ಶೋಗಾಲ್ ಆಗುತ್ತದೆ, ಅದು ಇನ್ನೂ ಖಾರ. ಅದಕ್ಕೇ ಒಣಶುಂಠಿ ಹಸಿಶುಂಠಿಗಿಂತ ಕಡಿಮೆ ಸಾಕು. ಲವಂಗದ ಯೂಜೆನಾಲ್ ಹಲ್ಲುನೋವನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ಹುಳುಕು ವಾಸಿ ಮಾಡಲ್ಲ. ಲವಂಗದ ಎಣ್ಣೆ ಮಕ್ಕಳ ಕೈಗೆ ಸಿಗದಂತೆ ಇಡಿ, ಕುಡಿದರೆ ಲಿವರಿಗೆ ದೊಡ್ಡ ಅಪಾಯ. ಓಮದಲ್ಲಿ ಥೈಮಾಲ್ ಇದೆ, ಹೊಟ್ಟೆ ಉಬ್ಬರಕ್ಕೆ ಊಟದ ಮೇಲೆ ಚಿಟಿಕೆ ಅಗಿಯಬಹುದು.

ಅರಿಶಿನದ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು, ಅಷ್ಟು ಪ್ರಚಾರ ಅದಕ್ಕಿದೆ. ಅರಿಶಿನಕ್ಕೆ ಕಾಳುಮೆಣಸು ಸೇರಿಸಿದರೆ ಇಪ್ಪತ್ತು ಪಟ್ಟು ಗುಣ ಎಂಬ ಮಾತು ಬಂದದ್ದು 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಪ್ರಕಟಿಸಿದ ಪ್ರಯೋಗದಿಂದ. ಪ್ರಯೋಗ ನಿಜ. ಆದರೆ ಅಲ್ಲಿ ಕೊಟ್ಟದ್ದು ಅರಿಶಿನ ಪುಡಿ ಅಲ್ಲ. ಅರಿಶಿನದಿಂದ ಬೇರ್ಪಡಿಸಿದ ಕರ್ಕ್ಯುಮಿನ್ ಎಂಬ ಅಂಶ 2 ಗ್ರಾಂ, ಅದರ ಜೊತೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ. ಹೆಚ್ಚಿದ್ದು ರಕ್ತಕ್ಕೆ ಸೇರಿದ ಪ್ರಮಾಣ, ರೋಗ ವಾಸಿಯಾದ ಪ್ರಮಾಣ ಅಲ್ಲ. ಮನೆಯ ಅರಿಶಿನದಲ್ಲಿ ಕರ್ಕ್ಯುಮಿನ್ ನೂರಕ್ಕೆ ಸುಮಾರು ಮೂರು ಪಾಲು. ಹಾಲಿಗೆ ಹಾಕುವ ಅರ್ಧ ಚಮಚದಲ್ಲಿ 50 ಮಿಲಿಗ್ರಾಂ ಆಸುಪಾಸು ಇದ್ದೀತು. ರಾತ್ರಿ ಬಿಸಿ ಅರಿಶಿನ ಹಾಲು ಕುಡಿಯಿರಿ, ಗಂಟಲಿಗೆ ಸುಖ, ನಿದ್ದೆಗೂ ಒಳ್ಳೆಯದು. ಅಷ್ಟು ಸಾಕಲ್ವಾ? ಪೈಪರಿನ್ ಒಳಗೆ ಬಿಟ್ಟುಕೊಳ್ಳುವುದು ಅರಿಶಿನವನ್ನಷ್ಟೇ ಅಲ್ಲ, ಫಿಟ್ಸಿಗೆ ಕೊಡುವ ಫೆನಿಟಾಯಿನ್‌ನಂಥ ಔಷಧಿಯ ಪ್ರಮಾಣವನ್ನೂ ರಕ್ತದಲ್ಲಿ ಏರಿಸುತ್ತದೆ. ಅಂಥ ಮಾತ್ರೆ ನುಂಗುವವರು ಕಾಳುಮೆಣಸನ್ನು ಮದ್ದಿನಂತೆ ತಿನ್ನಬಾರದು.

ಅಡುಗೆಯಲ್ಲಿ ಬಳಸುವ ದಾರಿ ನಮ್ಮ ಜಿಲ್ಲೆಯವರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆದರು. ಅಮೆರಿಕ ಖಂಡದ ಒಣಮೆಣಸನ್ನು ಈ ಕಡೆಗೆ ತಂದವರೂ ಪೋರ್ಚುಗೀಸರೇ. ಅದಕ್ಕೆ ಮೊದಲು ನಮ್ಮ ಊಟದ ಖಾರ ಎಂದರೆ ಕಾಳುಮೆಣಸು, ಶುಂಠಿ. ತಂಬುಳಿಯಲ್ಲಿ ಆ ಹಳೆಯ ಖಾರ ಇಂದಿಗೂ ಇದೆ. ಅರ್ಧ ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು ಹುರಿಯಿರಿ. ಎಂಟು ಹತ್ತು ದೊಡ್ಡಪತ್ರೆ ಎಲೆ ಹಾಕಿ ಬಾಡಿಸಿ. ಮೂರು ಚಮಚ ಕಾಯಿತುರಿಯ ಜೊತೆ ನುಣ್ಣಗೆ ರುಬ್ಬಿ ಒಂದು ಲೋಟ ಮಜ್ಜಿಗೆಗೆ ಕಲಸಿ. ಉಪ್ಪು, ಒಗ್ಗರಣೆ. ಬಿಸಿ ಮಾಡಬೇಡಿ. ಕಾಳುಮೆಣಸಿನ ಪೈಪರಿನ್, ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಪರಿಮಳದ ಎಣ್ಣೆಗಳಿಗೂ ಜಿಡ್ಡೇ ಬೇಕು. ತುಪ್ಪ, ಕಾಯಿ ಇರುವ ತಂಬುಳಿ ಇವನ್ನೆಲ್ಲ ಹಿಡಿದುಕೊಳ್ಳುತ್ತದೆ. ಬಿಸಿಲ ಹೊತ್ತಿನಲ್ಲಿ ಹೊಟ್ಟೆ ಮಂದವಾದವರಿಗೆ ಮೆಣಸಿನ ಕಷಾಯಕ್ಕಿಂತ ಅನ್ನದ ಜೊತೆ ತಂಬುಳಿಯನ್ನೇ ನಾನು ಹೇಳುವುದು.

ಸಾಸಿವೆಯದು ಇನ್ನೊಂದು ರೀತಿ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಗೆ ಮೂಗಿಗೆ ಏರುವ ಘಾಟು ಇರುವುದಿಲ್ಲ. ಕಾಯಿಯ ಜೊತೆ ಸಾಸಿವೆ ಅರೆದು ಮಾಡುವ ಸಾಸ್ಮೆಗೆ ಹಸಿಯಾಗಿ ಅರೆದರೆ ಘಾಟು ಬರುತ್ತದೆ. ಕಾಳು ಜಜ್ಜಿ ನೀರು ತಾಗಿದಾಗ ಒಳಗಿನ ಕಿಣ್ವ ಕೆಲಸ ಶುರು ಮಾಡುತ್ತದೆ, ಆಗಲೇ ಆ ಘಾಟು ಹುಟ್ಟುವುದು. ಬಿಸಿ ಎಣ್ಣೆಯಲ್ಲಿ ಕಿಣ್ವ ಮೊದಲೇ ಸತ್ತಿರುತ್ತದೆ. ಸಾಸಿವೆಯನ್ನು ಜಾಸ್ತಿ ಹೊತ್ತು ಅರೆದರೆ ಕಹಿ, ಹಾಗಾಗಿ ಕಾಯಿ ನುಣ್ಣಗಾದ ಮೇಲೆ ಕೊನೆಗೆ ಹಾಕಿ ಎರಡು ಸುತ್ತು ತಿರುಗಿಸಿ.

ಕಾರವಾರದವರಾದ್ದರಿಂದ ಬಂಗಡೆಯ ಮಾತೂ ಸೇರಿಸುತ್ತೇನೆ. ಬಂಗಡೆ ಆಂಬಟಿಗೆ ಹಾಕುವ ತೆಪ್ಪಳ ಎಂಬ ಸಣ್ಣ ಕಾಯಿಯ ಒಳಗಿನ ಕಪ್ಪು ಬೀಜ ತೆಗೆದು, ಸಿಪ್ಪೆ ಮಾತ್ರ ಸ್ವಲ್ಪ ಜಜ್ಜಿ ಕೊನೆಗೆ ಹಾಕಿ. ನಾಲಿಗೆ ಜುಂ ಅನ್ನುವುದು ಆ ಸಿಪ್ಪೆಯಿಂದ. ಆದರೆ ಅರಿಶಿನ ಉಪ್ಪು ಸವರಿದ್ದೇನೆ ಎಂದು ಮೀನನ್ನು ಮಧ್ಯಾಹ್ನದವರೆಗೆ ಹೊರಗೆ ಇಡಬೇಡಿ. ಬಂಗಡೆ, ತಾರ್ಲೆ ಬಿಸಿಯಲ್ಲಿ ಕೂತರೆ ಹಿಸ್ಟಮೈನ್ ಎಂಬ ಅಂಶ ಬೆಳೆಯುತ್ತದೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ತಲೆನೋವು, ತುರಿಕೆ. ಬೇಯಿಸಿದರೂ ಅದು ಹೋಗಲ್ಲ, ಯಾವ ಮಸಾಲೆಯೂ ತೆಗೆಯಲ್ಲ. ತಂದ ಕೂಡಲೇ ಫ್ರಿಜ್ಜಿಗೆ ಹಾಕಿ.

ತವರು ಸಿದ್ದಾಪುರ ಅಂದಿರಿ. ಅದಕ್ಕೇ ಇದನ್ನು ಒತ್ತಿ ಹೇಳುತ್ತೇನೆ. ನವೆಂಬರಿನಿಂದ ಮೇವರೆಗೆ ಆ ಕಡೆ ಜ್ವರ ಬಂದರೆ ಕಷಾಯ ಕುಡಿದು ಎರಡು ದಿನ ನೋಡೋಣ ಅನ್ನಬೇಡಿ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ ಈಗ ಸಿದ್ದಾಪುರದಲ್ಲೂ ಜೀವ ತೆಗೆದಿದೆ. ಸೊಪ್ಪಿನ ಬೆಟ್ಟಕ್ಕೆ ತರಗೆಲೆ ತರಲು ಹೋದವರಿಗೆ ಉಣುಗು (ಉಣ್ಣೆ ಹುಳ) ಕಚ್ಚಿ ಬರುವ ಕಾಯಿಲೆ ಅದು. ದಿಢೀರ್ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಇದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ರಕ್ತ ಕೊಡಿ. ಬೆಟ್ಟಕ್ಕೆ ಹೋಗಿದ್ದೆ, ಹತ್ತಿರದಲ್ಲಿ ಮಂಗ ಸತ್ತಿತ್ತು ಎಂಬುದನ್ನೂ ಹೇಳಿ. ಮಳೆಗಾಲದಲ್ಲಿ ಗದ್ದೆ ನೀರಿನಲ್ಲಿ ಓಡಾಡಿದವರಿಗೆ ಇಲಿಜ್ವರ, ಎಲ್ಲ ಕಡೆ ಡೆಂಗಿ. ಈ ಮೂರಕ್ಕೂ ಅಡುಗೆಮನೆಯಲ್ಲಿ ಮದ್ದಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಗಂಜಿಯ ಜೊತೆ ಜೀರಿಗೆ ಸಾರು ಮಾಡಿಕೊಡಿ, ಆಗ ಅದು ಬಾಯಿಗೂ ರುಚಿ, ಮೈಗೂ ಬಲ.

ಕೊನೆಯದಾಗಿ ಮಳೆಗಾಲದ ಗಂಟು. ಕಾರವಾರದ ಜೂನ್ ಜುಲೈ ತಿಂಗಳ ಗಾಳಿಯಲ್ಲಿ ಪುಡಿ ನಿಲ್ಲುವುದು ಕಷ್ಟ. ಇಡೀ ಕಾಳು ಇಟ್ಟುಕೊಳ್ಳಿ, ಪುಡಿ ಹದಿನೈದು ದಿನಕ್ಕೆ ಬೇಕಾದಷ್ಟೇ ಮಾಡಿ. ಕಾಳುಮೆಣಸು ಕೊಯ್ಲಾದ ಮೇಲೆ, ಬೇಸಿಗೆಯಲ್ಲಿ ತವರಿನಿಂದ ತರಿಸಿಕೊಳ್ಳಿ. ಮೇ ತಿಂಗಳಲ್ಲಿ ಒಂದೆರಡು ಬಿಸಿಲು ಕೊಟ್ಟು ಗಾಜಿನ ಬಾಟಲಿಗೆ ತುಂಬಿ. ಅಂಗಡಿಯಿಂದ ತಂದರೆ ಒಂದು ಹಿಡಿಯನ್ನು ನೀರಿಗೆ ಹಾಕಿ ನೋಡಿ. ಪಪ್ಪಾಯಿ ಬೀಜ ಬೆರೆಸಿದ್ದರೆ ತೇಲುತ್ತದೆ, ಬಲಿತ ಮೆಣಸು ಮುಳುಗುತ್ತದೆ. ಅರಿಶಿನ ಕೊಂಬಾಗಿ ತಂದು ಪುಡಿ ಮಾಡಿಸಿ. ಕಣ್ಣು ಕುಕ್ಕುವ ಹಳದಿಯ ಬಿಡಿ ಪುಡಿ ಬೇಡ, ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸುವವರು ಇದ್ದಾರೆ, ಸೀಸ ಮಕ್ಕಳ ಮಿದುಳಿಗೆ ವಿಷ. ಡಬ್ಬಿಯನ್ನು ಒಲೆಯ ಮೇಲಿನ ಕಪಾಟಿನಲ್ಲಿ ಇಡಬೇಡಿ. ಕುದಿಯುವ ಪಾತ್ರೆಯ ಮೇಲೆ ಹಿಡಿದು ಉದುರಿಸಬೇಡಿ, ಒಣ ಚಮಚ ಹಾಕಿ ತೆಗೆಯಿರಿ. ಒಣಮೆಣಸು, ಜಾಯಿಕಾಯಿ ಬೂಸ್ಟು ಹಿಡಿದರೆ ಒರೆಸಿ ಬಿಸಿಲಿಗಿಟ್ಟು ಬಳಸಬೇಡಿ, ಎಸೆಯಿರಿ. ಬೂಸ್ಟು ಬಿಟ್ಟ ಅಫ್ಲಾಟಾಕ್ಸಿನ್ ಎಂಬ ವಿಷ ಬಿಸಿಲಿಗೂ ಹೋಗಲ್ಲ, ಹುರಿದರೂ ಪೂರ್ತಿ ಹೋಗಲ್ಲ.

ಕಷಾಯದ ಪುಡಿ ಎರಡು ಬಾಟಲಿಯಲ್ಲಿಡಿ. ಮೇಲೆ ಹೇಳಿದ್ದು ಮನೆಯವರಿಗೆ. ಮಾವನವರದ್ದಕ್ಕೆ ಕೊತ್ತಂಬರಿ, ಜೀರಿಗೆ, ಏಲಕ್ಕಿ ಮಾತ್ರ. ಎರಡಕ್ಕೂ ಹೆಸರು, ಮಾಡಿದ ತಾರೀಕು ಬರೆದು ಅಂಟಿಸಿ. ಅವರು ಮುಂದಿನ ಸಲ ಹೃದಯದ ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆ ಚೀಟಿಯ ಜೊತೆ ಇನ್ನೊಂದು ಚೀಟಿ ಕಳಿಸಿ. ದಾಲ್ಚಿನ್ನಿ, ಮೆಂತೆ, ಕಷಾಯ ಯಾವುದನ್ನು ಎಷ್ಟು ದಿನದಿಂದ ಎಷ್ಟು ತೆಗೆದುಕೊಂಡರು ಎಂದು ಅದರಲ್ಲಿ ಬರೆದಿರಲಿ.